ಬೆನ್ನ ಹಿಂದಿನ ಮನೆ

ಆಂಟೆನಾ ತಿರುಗಿಸಿದವಳು ನಾನೇ. ಏಣಿ ಹಿಡಿದುಕೊಂಡಿದ್ದವರು ಅಪ್ಪ. ಪಾಂಡವಪುರ ತಾಲ್ಲೂಕಿನ ನಮ್ಮೂರಿನ ಮನೆಯ ತಾರಸಿಯ ಮೇಲೆ, ಕಳೆದ ವರ್ಷ ಒಂದು ಭಾನುವಾರ, ಅರ್ಧ ಗಂಟೆಯಲ್ಲಿ ಮುಗಿದ ಕೆಲಸ. ಅದರ ಬಗ್ಗೆ ಇಷ್ಟು ದಿನ ಯೋಚಿಸಬೇಕಾಗಿ ಬರುತ್ತದೆ ಎಂದು ಆಗ ಅನ್ನಿಸಿರಲಿಲ್ಲ.

ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯಗಳನ್ನು ಊರಲ್ಲೇ ಕೂತು ಬರೆಯುತ್ತೇನೆಂದು ಮೈಸೂರಿನ ಹಾಸ್ಟೆಲ್ ಬಿಟ್ಟು ಬಂದಿದ್ದೆ. ಕೇಬಲ್‌ನವರು ಊರೊಳಗೆ ಫೈಬರ್ ತಂದಿದ್ದರು. ಅಪ್ಪನ ಹೆಸರಲ್ಲಿ ಒಂದು ಕನೆಕ್ಷನ್ ಹಾಕಿಸಿದೆವು. ನಮ್ಮದು ಹಳೆಯ ಮಣ್ಣುಗೋಡೆಯ ಮನೆಗೆ ಮುಂದುಗಡೆ ಆರ್‌ಸಿಸಿ ಅಂಟಿಸಿದ ಮನೆ. ಟಿ.ವಿ. ಪಕ್ಕ ಇಟ್ಟ ರೂಟರಿನ ಸಿಗ್ನಲ್ಲು ಮೊಳದಗಲದ ಆ ಗೋಡೆ ದಾಟಿ ನಾನು ಬರೆಯುವ ಕೋಣೆಗೆ ಬರುತ್ತಿರಲಿಲ್ಲ. ಅದಕ್ಕೆ ತಾರಸಿಯ ಮೇಲೆ ಒಂದು ಕಡ್ಡಿ ಆಂಟೆನಾ ನಿಲ್ಲಿಸಿದೆ. ನನ್ನ ಕೋಣೆಗೆ ಬಂತು, ಜೊತೆಗೆ ಅರ್ಧ ಬೀದಿಗೂ ಬಂತು.

ನಮ್ಮ ಮನೆಯ ಹಿಂದೆ ಕೂಲಿ ಮಾಡುವವರ ಮನೆಯಿದೆ. ಅವರ ಮಗಳು ಆಗ ಎರಡನೇ ಪಿಯುಸಿ, ಸೈನ್ಸು. ಟ್ಯೂಷನ್ನಿಗೆ ಹಾಕುವ ಶಕ್ತಿ ಅವರಿಗಿಲ್ಲ. ರಾತ್ರಿ ಊಟವಾದ ಮೇಲೆ ಅಣ್ಣನ ಫೋನ್ ಇಸಕೊಂಡು, ನಮ್ಮ ಕೊಟ್ಟಿಗೆಯ ಹಿಂಗೋಡೆಗೆ ಒರಗಿ ಕೂತು ಪಾಠದ ವಿಡಿಯೋ ನೋಡುತ್ತಿದ್ದಳು. ಪಾಸ್‌ವರ್ಡ್ ನಾನೇ ಹೇಳಿದ್ದು. ಅವಳಿಂದ ಅದು ಅಣ್ಣನಿಗೆ, ಅಣ್ಣನಿಂದ ಅವನ ಗೆಳೆಯರಿಗೆ ಹೋಯಿತು. ಎರಡು ತಿಂಗಳಲ್ಲಿ ಸಂಜೆ ಹೊತ್ತು ನಮ್ಮ ಮನೆ ಪಕ್ಕದ ಓಣಿಯಲ್ಲಿ ಗುರುತಿಲ್ಲದ ಬೈಕುಗಳು ನಿಲ್ಲತೊಡಗಿದವು.

ಅಪ್ಪ ಪೇಪರಿನಲ್ಲಿ ಸೈಬರ್ ವಂಚನೆಯ ಸುದ್ದಿಗಳನ್ನು ತಪ್ಪದೆ ಓದುವವರು. "ನನ್ ಹೆಸ್ರಲ್ಲಿ ಐತೆ ಕನವ್ವ ಕನೆಕ್ಸನ್ನು. ನಾಳೆ ಪೊಲೀಸ್ರು ಬಂದ್ರೆ ಯಾರ್ ಕಡೆ ಕೈ ತೋರ್ಸನ?" ಅಂದರು. ಇದರ ಜೊತೆಗೆ ಇನ್ನೊಂದು ಕಾರಣವೂ ಸೇರಿತು. ಬಯಲಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳ್ಳತನ ನಡೆಯುತ್ತಿತ್ತು; ಮನೆಯಿಂದ ಸುಮಾರು 400 ಮೀಟರ್ ದೂರದ ನಮ್ಮ ಪಂಪ್‌ಹೌಸಿಗೆ ಒಂದು ಕ್ಯಾಮೆರಾ ಹಾಕಬೇಕಿತ್ತು. ಕಡ್ಡಿ ಆಂಟೆನಾ ತೆಗೆದು, ಚಪ್ಪಟೆ ಹಲಗೆಯಂಥ ಪ್ಯಾನೆಲ್ ಆಂಟೆನಾ ತಂದು, ಅದರ ಮುಖವನ್ನು ಬಯಲಿಗೆ ತಿರುಗಿಸಿದೆವು. ನನ್ನ ಕೋಣೆಯೂ ಅದೇ ದಿಕ್ಕಿಗಿದ್ದದ್ದು ಅನುಕೂಲವೇ ಆಯಿತು. ಕ್ಯಾಮೆರಾ ಬಂತು, ಬೈಕುಗಳು ಹೋದವು. ಮೂರನೆಯ ದಿನ ರಾತ್ರಿ ಹಿಂದಿನ ಮನೆಯ ಹುಡುಗಿ ಬಾಗಿಲಿಗೆ ಬಂದು, "ಅಕ್ಕಾ, ನೆಟ್ ಕಟ್ಟಾಗೈತಾ?" ಎಂದು ಕೇಳಿದಳು.

ಕಟ್ಟಾಗಿರಲಿಲ್ಲ. ಏನಾಗಿತ್ತು ಎಂದು ಹೇಳಬೇಕಾದರೆ ಆಂಟೆನಾ ಎಂದರೇನು ಎಂಬುದನ್ನು ಸ್ವಲ್ಪ ನೋಡಬೇಕು.

ದೊಡ್ಡ ಆಂಟೆನಾ ಹಾಕಿದರೆ ಸಿಗ್ನಲ್ಲು ಹೆಚ್ಚಾಗುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಆಗುವುದಿಲ್ಲ. ರೂಟರು ಕೊಡುವ ಶಕ್ತಿ ಎಷ್ಟೋ ಅಷ್ಟೇ. ಆಂಟೆನಾ ಅದಕ್ಕೆ ಒಂದು ಹನಿಯನ್ನೂ ಸೇರಿಸುವುದಿಲ್ಲ. ಅದು ಮಾಡುವುದು ಹಂಚಿಕೆಯನ್ನು. ನೆಟ್ಟಗೆ ನಿಂತ ಕಡ್ಡಿಯಿಂದ ಹೊರಡುವ ಅಲೆಗಳು ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತವೆ (ನಮ್ಮ ಜಿಲ್ಲೆಯ ಹೆಮ್ಮೆಯ ಮದ್ದೂರು ವಡೆ ಇಲ್ಲಿ ಕೆಲಸಕ್ಕೆ ಬಾರದು, ಅದಕ್ಕೆ ತೂತಿಲ್ಲ). ಕಡ್ಡಿ ಇರುವುದು ತೂತಿನಲ್ಲಿ. ಸುತ್ತಲೂ ಸಿಗ್ನಲ್ಲು ಚೆನ್ನಾಗಿರುತ್ತದೆ, ಕಡ್ಡಿಯ ನೇರ ಮೇಲೆ ಮತ್ತು ನೇರ ಕೆಳಗೆ ತೀರಾ ಕಡಿಮೆ. ಇನ್ನೂ ದೂರ ಹೋಗಬೇಕೆಂದು ಹೆಚ್ಚು 'ಗೇನ್' ಇರುವ ಉದ್ದ ಕಡ್ಡಿ ಹಾಕಿದರೆ ವಡೆಯನ್ನು ಅಂಗೈಯಲ್ಲಿ ತಟ್ಟಿದ ಹಾಗೆ: ಅಗಲವಾಗುತ್ತದೆ, ತೆಳ್ಳಗೂ ಆಗುತ್ತದೆ. ಬೀದಿಯ ಕೊನೆಗೆ ಸಿಗ್ನಲ್ಲು ತಲುಪುತ್ತದೆ, ಮಹಡಿ ಮನೆಗೆ ತಪ್ಪುತ್ತದೆ. ಹಿಟ್ಟು ಅಷ್ಟೇ. ಪ್ಯಾನೆಲ್ ಆಂಟೆನಾ ಹಿಟ್ಟನ್ನೆಲ್ಲ ಒಂದೇ ಕಡೆಗೆ ತಳ್ಳುತ್ತದೆ. ನಮ್ಮದರ ಪೆಟ್ಟಿಗೆಯ ಮೇಲೆ ಬರೆದಿದ್ದ ಲೆಕ್ಕದ ಪ್ರಕಾರ ಅದರ ಬೆನ್ನಿಗೆ ಹೋಗುವುದು ಮುಖಕ್ಕೆ ಹೋಗುವುದರ ನೂರರಲ್ಲಿ ಒಂದು ಪಾಲು. ಆ ಬೆನ್ನ ಹಿಂದೆ ಇದ್ದದ್ದು ಅವಳ ಮನೆ.

ಗೇನ್ ಎಂದರೆ ಲಾಭ. ಲಾಭ ಎಂಬ ಪದ ನಷ್ಟವನ್ನು ಹೇಗೆ ಮುಚ್ಚಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ರೂಟರಿನ ಶಕ್ತಿಯನ್ನೇ ಹೆಚ್ಚಿಸಿ ಎಲ್ಲ ಕಡೆಗೂ ಕೊಡಬಹುದಲ್ಲ ಎಂದು ಕೇಳಬಹುದು. ಅದಕ್ಕೂ ಮಿತಿಯಿದೆ. 2005ರಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಲೈಸೆನ್ಸಿನಿಂದ ಮುಕ್ತ ಮಾಡಿದಾಗ, ಆಂಟೆನಾದ ಲಾಭವನ್ನೂ ಸೇರಿಸಿ ಯಾವ ದಿಕ್ಕಿನಲ್ಲೂ 4 ವಾಟ್ ಮೀರಬಾರದು ಎಂದು ನಿಯಮ ಮಾಡಿತು. ಮನೆಯ ಎಲ್‌ಇಡಿ ಬಲ್ಬಿಗಿಂತ ಕಡಿಮೆ. ಯಾರೂ ಯಾರನ್ನೂ ಕೇಳದೆ ಬಳಸಬಹುದಾದ ಗೋಮಾಳದಂಥ ಆಕಾಶ ಅದು. ಗೋಮಾಳಕ್ಕೆ ಒಬ್ಬನೇ ನೂರು ದನ ಬಿಡುವಂತಿಲ್ಲ. ಬಿಟ್ಟರೆ ಏನಾಗುತ್ತದೆ ಎಂದು ನೋಡಬೇಕಾದರೆ ಕೆ.ಆರ್.ಪೇಟೆಯ ನಮ್ಮ ಚಿಕ್ಕಮ್ಮನ ಮನೆಗೆ ಹೋಗಬೇಕು. ಒತ್ತೊತ್ತಾಗಿ ಮನೆಗಳಿರುವ ಬೀದಿ. ಫೋನಿನಲ್ಲಿ ವೈಫೈ ಹುಡುಕಿದರೆ ಹದಿನೆಂಟು ಹೆಸರುಗಳು, ಹದಿನೆಂಟಕ್ಕೂ ಬೀಗ. 2.4ರ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು 1, 6 ಮತ್ತು 11 ಮಾತ್ರ. ಹದಿನೆಂಟು ಮನೆಯವರು ಮೂರು ಓಣಿಯಲ್ಲಿ ಏಕಕಾಲಕ್ಕೆ ಮಾತಾಡಿದ ಹಾಗೆ, ಸಂಜೆ ಏಳರ ಮೇಲೆ ಯಾರಿಗೂ ಏನೂ ಸರಿಯಾಗಿ ಬರುವುದಿಲ್ಲ. ಅಂಥ ಕಡೆ ಆಂಟೆನಾವನ್ನು ತನ್ನ ಮನೆಗೆ ಬೇಕಾದಷ್ಟಕ್ಕೇ ತಿರುಗಿಸಿಕೊಳ್ಳುವುದು ನೆರೆಯವರಿಗೆ ಮಾಡುವ ಉಪಕಾರ. ಆದ್ದರಿಂದ ಸಿಗ್ನಲ್ಲನ್ನು ಹರಡುವುದೆಲ್ಲ ಔದಾರ್ಯ, ಕೂಡಿಡುವುದೆಲ್ಲ ಸಣ್ಣತನ ಎಂದು ನಾನು ಹೇಳಲಾರೆ. ಕೆ.ಆರ್.ಪೇಟೆಯ ಬೀದಿಯಲ್ಲಿ ಸಭ್ಯತೆಯಾಗಿರುವುದು ನಮ್ಮೂರಿನಲ್ಲಿ ಬೇರೆಯದೇ ಆಗಬಹುದು.

ಹಾಗಾದರೆ ನಾನು ಮಾಡಿದ್ದು ತಪ್ಪೇ? ಮೊದಲು ನನಗೆ ನಾನೇ ಹೇಳಿಕೊಂಡದ್ದು: ದುಡ್ಡು ಕಟ್ಟುವವರು ನಾವು, ಕೊಡುವುದೂ ಬಿಡುವುದೂ ನಮಗೆ ಸೇರಿದ್ದು. ಆದರೆ ಕೊಡದೇ ಇರುವುದು ಮತ್ತು ಕೊಡುತ್ತಿದ್ದುದನ್ನು ತಿರುಗಿಸುವುದು ಒಂದೇ ಅಲ್ಲ ಎಂದು ನಾಲೆ ಬಯಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲಿನ ಗದ್ದೆಯಿಂದ ಬಸಿದ ನೀರಲ್ಲಿ ಕೆಳಗಿನವನು ನಾಲ್ಕು ವರ್ಷ ನಾಟಿ ಮಾಡಿದ್ದರೆ, ಐದನೇ ವರ್ಷ ಬದು ಎತ್ತರಿಸುವ ಮುಂಚೆ ಅವನಿಗೆ ಒಂದು ಮಾತು ಹೇಳಬೇಕು. ಕಾನೂನು ಕೂಡ ಇದನ್ನು ಒಂದು ಮಟ್ಟಿಗೆ ಒಪ್ಪುತ್ತದೆ: 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಒಂದು ಮನೆಗೆ ಬೆಳಕು, ಗಾಳಿ 20 ವರ್ಷ ಅಡೆತಡೆಯಿಲ್ಲದೆ ಬಂದಿದ್ದರೆ ಅದು ಹಕ್ಕಾಗುತ್ತದೆ, ಪಕ್ಕದವನು ಅದನ್ನು ಮುಚ್ಚುವ ಹಾಗೆ ಕಟ್ಟುವಂತಿಲ್ಲ. ಆ ಹುಡುಗಿ ಕೂತದ್ದು 20 ವರ್ಷವಲ್ಲ, ಆರು ತಿಂಗಳು. ಆದರೆ ಎರಡನೇ ಪಿಯುಸಿಯಲ್ಲಿ ಆರು ತಿಂಗಳೆಂದರೆ ಸಣ್ಣ ಅವಧಿಯಲ್ಲ.

ಬೆಳಕಿನ ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ಬೀದಿ ದೀಪದಲ್ಲಿ ಓದಿ ಮುಂದೆ ಬಂದವರ ಕಥೆಗಳನ್ನು ಕೇಳಿ ಬೆಳೆದವರು ನಾವು. ಪಕ್ಕದ ಮನೆಯ ಕಿಟಕಿಯ ಬೆಳಕಲ್ಲಿ ಓದಿದವನನ್ನು ಕಳ್ಳ ಎಂದು ಯಾರೂ ಕರೆದಿಲ್ಲ, ಏಕೆಂದರೆ ಅವನು ಓದಿದ್ದರಿಂದ ಒಳಗಿನವರ ಬೆಳಕು ಕಡಿಮೆಯಾಗಲಿಲ್ಲ. ರೇಡಿಯೊ ಹೀಗೇ ಇತ್ತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು; ಅದಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು, ಆಮೇಲೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ನಿಂತಿತು. ಒಂದು ಮನೆಯಿಂದ ಹೊರಟ ಅಲೆಯನ್ನು ಯಾರು ಬೇಕಾದರೂ ಕೇಳಬಹುದಿತ್ತು. ಹತ್ತು ಜನ ಕೇಳಿದರೂ ಸಾವಿರ ಜನ ಕೇಳಿದರೂ ಪ್ರಾಧ್ಯಾಪಕರಿಗೆ ಕಳೆದುಕೊಳ್ಳುವುದೇನೂ ಇರಲಿಲ್ಲ, ಯಾರು ಕೇಳಿದರೆಂದು ಗೊತ್ತಾಗುವಂತೆಯೂ ಇರಲಿಲ್ಲ.

ವೈಫೈ ಹಾಗಲ್ಲ. ಅದು ಸುಮ್ಮನೆ ಬೀಳುವ ಬೆಳಕಲ್ಲ, ಪ್ರತಿ ಸಲವೂ ಕೇಳಿ ಪಡೆಯುವ ಮಾತು. ಫೋನು ಕೇಳಬೇಕು, ರೂಟರು ಉತ್ತರಿಸಬೇಕು. ಒಬ್ಬರು ಸಿನಿಮಾ ಇಳಿಸಿಕೊಂಡರೆ ಇನ್ನೊಬ್ಬರ ಪಾಠ ನಿಧಾನವಾಗುತ್ತದೆ, ಅಷ್ಟರಮಟ್ಟಿಗೆ ಅದು ನೀರು. ರಾತ್ರಿ ಎಲ್ಲರೂ ಮಲಗಿದಾಗ ಬಳಸದೆ ಉಳಿದದ್ದನ್ನು ಕೆರೆಯಲ್ಲಿ ಕಟ್ಟಿಟ್ಟುಕೊಳ್ಳಲು ಆಗುವುದಿಲ್ಲ, ಅಷ್ಟರಮಟ್ಟಿಗೆ ಬೆಳಕು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ರೂಟರಿನ ಮೂಲಕ ಯಾರು ಏನು ಮಾಡಿದರೂ ಹೊರಗಿನ ಲೋಕಕ್ಕೆ ಅದು ಅಪ್ಪ ಮಾಡಿದ ಹಾಗೆ ಕಾಣುತ್ತದೆ. ಇಲ್ಲಿ ಅಪ್ಪನ ಭಯವನ್ನು ತಳ್ಳಿಹಾಕುವಂತಿಲ್ಲ. 2008ರ ಜುಲೈ 26ರಂದು ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಮುನ್ನ ಮಾಧ್ಯಮಗಳಿಗೆ ಬಂದ ಇಮೇಲಿನ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿದ್ದ ಒಬ್ಬ ಅಮೆರಿಕನ್ನನ ಮನೆಗೆ. ಅವನ ವೈಫೈಯನ್ನು ಬೇರೆಯವರು ಬಳಸಿದ್ದರು. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈಗೆ ಬೀಗ ಹಾಕಿಯೇ ಬಳಸಬೇಕೆಂದು ಸೂಚನೆ ಹೊರಡಿಸಿತು. ಬಾಗಿಲು ತೆರೆದಿಟ್ಟವನು ತಪ್ಪಿತಸ್ಥನಲ್ಲದಿರಬಹುದು, ಆದರೆ ಅಲ್ಲವೆಂದು ಸಾಬೀತಾಗುವವರೆಗೆ ಅವನ ಬದುಕು ಅವನದಾಗಿರುವುದಿಲ್ಲ. ಮಂಡ್ಯ ಜಿಲ್ಲೆಯ ಎರಡೆಕರೆ ರೈತನಿಗೆ ವಕೀಲರ ಮನೆಗೆ ಹತ್ತು ಸಲ ತಿರುಗುವುದೇ ಶಿಕ್ಷೆ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನಾನು ಮಾಡಿದ್ದರಲ್ಲಿ ಒಂದು ಪೆದ್ದುತನವಿತ್ತು. ಅದು ಗೊತ್ತಾದದ್ದು ಶ್ರೀರಂಗಪಟ್ಟಣದಲ್ಲಿ, ತೀರಾ ಬೇರೆ ಕೆಲಸಕ್ಕೆ ಹೋಗಿದ್ದಾಗ. ಕೋಟೆಯ ಗೋಡೆಯ ಪಕ್ಕ ಗೆಳತಿಯೊಬ್ಬಳಿಗೆ ಕಾಯುತ್ತ ನಿಂತಿದ್ದೆ. ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ, ಅದರ ಸುತ್ತ ಕಲ್ಲಿನ ಗೋಡೆ, ಕಂದಕ. ಅಂಥ ಕೋಟೆ 1799ರ ಮೇ 4ರಂದು ಬಿತ್ತು. ಗೋಡೆಯನ್ನು ಫಿರಂಗಿ ಒಡೆಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ, ಒಳಗಿನವನೇ ಕೈಕೊಟ್ಟ ಎಂದು ಊರವರು ಮೀರ್ ಸಾದಿಕನ ಹೆಸರು ಹೇಳುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ಗೋಡೆಯೊಂದನ್ನೇ ನಂಬಿದ್ದರೆ ಸಾಲದು ಎಂಬುದು ಅಲ್ಲಿ ನಿಂತವರಿಗೆಲ್ಲ ಹೊಳೆಯುತ್ತದೆ. ನಾನು ಆಂಟೆನಾ ತಿರುಗಿಸಿ ಗೋಡೆ ಕಟ್ಟಿದ್ದೆ. ಬೀಗ ಬದಲಿಸಿರಲೇ ಇಲ್ಲ. ಬೈಕಿನ ಹುಡುಗರ ಬಳಿ ಹಳೆಯ ಪಾಸ್‌ವರ್ಡ್ ಇನ್ನೂ ಇತ್ತು. ಬಯಲಿನ ಕಡೆಗೆ ಬಂದು ನಿಂತಿದ್ದರೆ ಅವರಿಗೆ ಮೊದಲಿಗಿಂತ ಚೆನ್ನಾಗಿಯೇ ಸಿಗುತ್ತಿತ್ತು.

ಸಿಗ್ನಲ್ಲು ತಲುಪದಿದ್ದರೆ ಸುರಕ್ಷಿತ ಎಂಬ ನಂಬಿಕೆ ಹಳೆಯದು, ಆದರೆ ಪೊಳ್ಳು. 'ತಲುಪುವುದಿಲ್ಲ' ಎಂದರೆ ನಮ್ಮ ಪುಟ್ಟ ಫೋನಿಗೆ ತಲುಪುವುದಿಲ್ಲ ಎಂದಷ್ಟೇ ಅರ್ಥ. ಆಚೆ ಕಡೆಯವನ ಬಳಿ ಒಳ್ಳೆಯ ಆಂಟೆನಾ ಇದ್ದರೆ ಕ್ಷೀಣವಾದದ್ದೂ ಕೇಳಿಸುತ್ತದೆ. 2007ರಲ್ಲಿ ವೆನಿಜುವೆಲಾದಲ್ಲಿ ಎರ್ಮಾನೋ ಪಿಯೆತ್ರೊಸೆಮೋಲಿ ಮತ್ತು ಸಂಗಡಿಗರು ದೊಡ್ಡ ಬುಟ್ಟಿ ಆಂಟೆನಾಗಳನ್ನು ಎರಡು ಎತ್ತರದ ಜಾಗಗಳಲ್ಲಿ ಎದುರುಬದುರು ನಿಲ್ಲಿಸಿ ವೈಫೈಯನ್ನು 382 ಕಿ.ಮೀ. ದಾಟಿಸಿದರು, ಶ್ರೀರಂಗಪಟ್ಟಣದಿಂದ ಹುಬ್ಬಳ್ಳಿಗೆ ನೇರ ಗೆರೆ ಎಳೆದರೂ ಅಷ್ಟಾಗುವುದಿಲ್ಲ. ಕಾಪಾಡುವುದು ಗೂಢಲಿಪಿ. ಮೊದಲ ಕಾಲದ ವೆಪ್ ಎಂಬ ಬೀಗ 2001ರಲ್ಲೇ ಮುರಿಯಿತು. ಈಗಿನ ಡಬ್ಲ್ಯೂಪಿಎ2, 2018ರಲ್ಲಿ ಬಂದ ಡಬ್ಲ್ಯೂಪಿಎ3, ಇವುಗಳ ಜೊತೆ ಉದ್ದನೆಯ ಪಾಸ್‌ವರ್ಡ್ ಇದ್ದರೆ ಸಿಗ್ನಲ್ಲು ಊರೆಲ್ಲ ಹರಡಿದರೂ ಸುಲಭವಾಗಿ ಒಳಗೆ ಬರಲಾಗುವುದಿಲ್ಲ. ಅಂದರೆ ಎಷ್ಟು ದೂರ ತಲುಪಬೇಕು ಎಂಬ ಪ್ರಶ್ನೆಯೇ ಬೇರೆ, ಯಾರು ಒಳಗೆ ಬರಬೇಕು ಎಂಬ ಪ್ರಶ್ನೆಯೇ ಬೇರೆ. ನಾನು ಎರಡನೆಯದಕ್ಕೆ ಉತ್ತರ ಹುಡುಕುವ ತೊಂದರೆ ತಪ್ಪಿಸಿಕೊಳ್ಳಲು ಮೊದಲನೆಯದನ್ನು ತಿರುಗಿಸಿದ್ದೆ. ಯಾರಿಗೂ ಬೇಡ ಎನ್ನಬೇಕಾಗಿ ಬರಲಿಲ್ಲ. ಬೇಡ ಎಂದದ್ದು ತಗಡು.

ಇದು ನನ್ನೊಬ್ಬಳ ಮನೆಯ ವಿಷಯವಲ್ಲ ಎನ್ನಿಸಿದ್ದು ನಾಗಮಂಗಲದ ಕಡೆ ಓಡಾಡುವಾಗ. ಬೆಳ್ಳೂರು ಕ್ರಾಸಿನ ಹೆದ್ದಾರಿಯ ಮೇಲೆ ಫೋನಿನಲ್ಲಿ ಎಲ್ಲ ಗೆರೆಗಳೂ ತುಂಬಿರುತ್ತವೆ. ಅಲ್ಲಿಂದ ಒಳಗೆ ನಾಲ್ಕೈದು ಕಿ.ಮೀ. ಹೋಗಿ, ಒಂದು ಗುಡ್ಡ ಬಳಸಿದರೆ ಗೆಳೆಯನ ಊರು. ಅಲ್ಲಿ ಮಾತಾಡಬೇಕಾದರೆ ಹೊಂಗೆ ಮರದ ಹತ್ತಿರ ಹೋಗಿ ನಿಲ್ಲಬೇಕು. ಮೊಬೈಲ್ ಟವರಿನ ಮೇಲಿರುವುದೂ ಹಲಗೆ ಆಂಟೆನಾಗಳೇ, ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖ ಮಾಡಿ, ಸ್ವಲ್ಪ ತಲೆ ತಗ್ಗಿಸಿ ನಿಂತಿರುತ್ತವೆ. ಟವರನ್ನು ಎಲ್ಲಿ ನಿಲ್ಲಿಸಬೇಕು, ಯಾವ ದಿಕ್ಕಿಗೆ ಎಷ್ಟು ತಗ್ಗಿಸಬೇಕು ಎಂದು ಯಾರೋ ಕೂತು ತೀರ್ಮಾನಿಸಿರುತ್ತಾರೆ. ಆ ಊರಿಗೆ ಬೇಡ ಎಂದು ಯಾರೂ ಎಂದೂ ಹೇಳಿರುವುದಿಲ್ಲ. ಕೇಳಿದರೆ 'ಕವರೇಜ್ ಇಲ್ಲ' ಎಂಬ ಉತ್ತರ ಬರುತ್ತದೆ, ಮಳೆ ಇಲ್ಲ ಎನ್ನುವ ಹಾಗೆ. ಹೇಮಾವತಿ ನಾಲೆಯ ಕೊನೆಭಾಗದ ರೈತರಿಗೆ ಈ ಭಾಷೆ ಚೆನ್ನಾಗಿ ಗೊತ್ತು. ಆದರೆ ನಾಲೆಗೆ ತೂಬು ಇದೆ, ತೂಬಿನ ಮುಂದೆ ಧರಣಿ ಕೂರಬಹುದು, ನೀರುಗಂಟಿಯ ಕೊರಳಪಟ್ಟಿ ಹಿಡಿಯಬಹುದು. ಹೊಂಗೆ ಮರದ ಕೆಳಗೆ ನಿಂತವನು ಯಾರ ಕೊರಳಪಟ್ಟಿ ಹಿಡಿಯಬೇಕು?

ಇದಕ್ಕೆ ಬೇರೆ ದಾರಿ ಹುಡುಕಿದವರೂ ಇದ್ದಾರೆ. ಪಕ್ಕದ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆಯವರು ಊರವರದೇ ಆದ ವೈಫೈ ಜಾಲ ಕಟ್ಟುವ ಪ್ರಯೋಗ ಮಾಡಿದ್ದಾರೆ. ಒಂದು ಮನೆಯ ರೂಟರು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ದಾಟಿಸುವ ಜಾಲ. 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯಲ್ಲಿ ಟೀ ಅಂಗಡಿಯವನೂ ಲೈಸೆನ್ಸಿಲ್ಲದೆ ವೈಫೈ ಕೊಡಬಹುದು. ಬಳಸುವವರು ತಮ್ಮ ತಮ್ಮ ಗುರುತಿನಿಂದಲೇ ಒಳಗೆ ಬರುವುದರಿಂದ ಅಪ್ಪನಂಥವರ ಭಯಕ್ಕೆ ಅಲ್ಲಿ ಒಂದು ಉತ್ತರವಿದೆ. ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲೂ ಕಂಪ್ಯೂಟರು, ಪುಸ್ತಕ ಇವೆ. ಆದರೆ ನಮ್ಮ ಪಂಚಾಯ್ತಿ ಇರುವ ಊರು ಎರಡು ಕಿ.ಮೀ. ದೂರ. ರಾತ್ರಿ ಒಂಬತ್ತಕ್ಕೆ ಹುಡುಗಿಯೊಬ್ಬಳು ಅಲ್ಲಿಗೆ ಹೋಗಿಬರುವಂತಿಲ್ಲ. ಕೊಟ್ಟಿಗೆಯ ಗೋಡೆಗೆ ಆದರೆ ಅವಳವ್ವ ಒಲೆ ಮುಂದೆ ಕೂತೇ ಅವಳನ್ನು ನೋಡಬಹುದಿತ್ತು.

ಆಂಟೆನಾಕ್ಕೆ ಇನ್ನೊಂದು ಗುಣವಿದೆ. ಯಾವ ದಿಕ್ಕಿಗೆ ಎಷ್ಟು ಚೆನ್ನಾಗಿ ಮಾತಾಡುತ್ತದೋ ಆ ದಿಕ್ಕಿನಿಂದ ಅಷ್ಟೇ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಇದು ಭೌತಶಾಸ್ತ್ರದ ನಿಯಮ. ಶಕ್ತಿ ಹೆಚ್ಚಿಸುವುದಕ್ಕಿಂತ ಒಳ್ಳೆಯ ಆಂಟೆನಾ ಹಾಕುವುದು ಮೇಲು ಎಂದು ತಿಳಿದವರು ಹೇಳುವುದೂ ಇದಕ್ಕೇ. ರೂಟರು ಎಷ್ಟೇ ಕಿರುಚಿದರೂ ಫೋನಿನ ಸಣ್ಣ ದನಿ ಅದಕ್ಕೆ ಕೇಳದಿದ್ದರೆ ಮಾತು ಮುಂದುವರಿಯುವುದಿಲ್ಲ. ಬಯಲಿಗೆ ಮುಖ ಮಾಡಿದ ದಿನದಿಂದ ನಮ್ಮ ಆಂಟೆನಾ ಹಿಂದಿನ ಮನೆಗೆ ಕಿವುಡೂ ಆಗಿತ್ತು. ಆ ಮೂರು ದಿನ ಅವಳ ಫೋನು ಕೇಳುತ್ತಲೇ ಇದ್ದಿರಬೇಕು.

ಅವಳು ಬಾಗಿಲಿಗೆ ಬಂದ ರಾತ್ರಿ ನಾನು ಸುಳ್ಳು ಹೇಳಿದೆ. "ಏನೋ ಪ್ರಾಬ್ಲಂ ಆಗಿದೆ ಕಣೆ, ನೋಡ್ತೀನಿ" ಅಂದೆ. ಒಂದು ವಾರ ನೋಡಲಿಲ್ಲ. ಶ್ರೀರಂಗಪಟ್ಟಣದಿಂದ ಬಂದ ಮೇಲೆ ಹಳೆಯ ಕಡ್ಡಿ ಆಂಟೆನಾದ ರೂಟರನ್ನು ಕೊಟ್ಟಿಗೆಯ ಕಡೆ ಕಟ್ಟಿ, ಬೇರೆ ಹೆಸರಿನ ಅತಿಥಿ ಜಾಲ ಮಾಡಿ, ವೇಗಕ್ಕೆ ಮಿತಿ ಹಾಕಿ, ರಾತ್ರಿ ಹನ್ನೊಂದಕ್ಕೆ ತಾನೇ ನಿಲ್ಲುವ ಹಾಗೆ ಇಟ್ಟೆ. ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಾಗುತ್ತದೆ, ಅವಳು ಬಂದು ಕೇಳಿ ಪಡೆಯಬೇಕು. ಅಪ್ಪ ಒಪ್ಪಿದರು. ಎಲಿನಾರ್ ಆಸ್ಟ್ರಂ 1990ರ ತಮ್ಮ ಪುಸ್ತಕದಲ್ಲಿ ನೀರು, ಹುಲ್ಲುಗಾವಲುಗಳನ್ನು ಊರವರೇ ನಿಯಮ ಮಾಡಿಕೊಂಡು ಹಾಳಾಗದಂತೆ ಬಳಸಿದ ಉದಾಹರಣೆಗಳನ್ನು ಕೊಡುತ್ತಾರೆ. ನನ್ನ ಏರ್ಪಾಡು ಅದರ ಪುಟ್ಟ ಮಾದರಿ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ. ಅವರು ಹೇಳಿದ ಮುಖ್ಯ ಮಾತನ್ನು, ನಿಯಮ ಮಾಡುವಾಗ ಬಳಸುವವರೂ ಕೂತಿರಬೇಕು ಎಂಬುದನ್ನು, ಬಿಟ್ಟಿದ್ದೆ.

ಎರಡನೇ ತಿಂಗಳು ಪಾಸ್‌ವರ್ಡಿಗೆ ಬಂದಾಗ ಅವಳ ಕೈಯಲ್ಲಿ ಒಂದು ಚೀಲ ಅವರೆಕಾಯಿ ಇತ್ತು. "ಅವ್ವ ಕೊಟ್ಟೈತೆ" ಅಂದಳು. ಮೊದಲು ಆರು ತಿಂಗಳು ಕೂತಾಗ ಏನೂ ತಂದಿರಲಿಲ್ಲ, ತರಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬೇಡ ಅಂದರೆ ಅವಮಾನ, ತಗೊಂಡರೆ ಬಾಡಿಗೆ. ತಗೊಂಡೆ. ಚೆನ್ನಾಗಿ ಬರ್ತಿದೆಯಾ ಎಂದು ಕೇಳಿದೆ. "ಬತ್ತದೆ ಅಕ್ಕ, ಮೊದ್ಲಿಗಿಂತ ಚೆನ್ನಾಗೇ ಬತ್ತದೆ" ಎಂದು ಸ್ವಲ್ಪ ಹೊತ್ತು ನಿಂತು, "ಮೊದ್ಲು ಕೇಳಂಗಿರ್ಲಿಲ್ಲ" ಅಂದಳು.

ಈಗ ಬಯಲಲ್ಲಿ ಕಬ್ಬು ಆಳೆತ್ತರ ದಾಟಿದೆ. ಎಲೆಗಳಲ್ಲಿರುವ ನೀರು ಈ ಅಲೆಗಳನ್ನು ಕುಡಿಯುತ್ತದೆ. 400 ಮೀಟರ್ ದೂರಕ್ಕೆ ಸಿಗ್ನಲ್ಲು ಸರಾಗ ಹೋಗಬೇಕಾದರೆ ನೋಟದ ಗೆರೆಯ ನಡುಮಧ್ಯದಲ್ಲಿ, ಗೆರೆಯ ಕೆಳಗೆ ಕನಿಷ್ಠ ಎರಡು ಮೀಟರ್ ಬಯಲಾಗಿರಬೇಕು. ಅದು ಈಗ ಕಬ್ಬಿನ ಸೋಗೆಯೊಳಗೆ ಮುಳುಗಿದೆ. ಇಬ್ಬನಿ ಬಿದ್ದ ಬೆಳಿಗ್ಗೆ ಕ್ಯಾಮೆರಾ ಬರುವುದೇ ಇಲ್ಲ. ಕಟಾವಾಗುವವರೆಗೆ ಪ್ಯಾನೆಲ್ ಅನ್ನು ಇನ್ನೂ ಎತ್ತರಕ್ಕೆ ಏರಿಸೋಣ ಎಂದು ಅಪ್ಪ ಹೇಳುತ್ತಿದ್ದಾರೆ. ಏಣಿ ಹೊರಗೆ ತಂದಿಟ್ಟಿದ್ದಾರೆ. ಹುಡುಗಿಯ ಪರೀಕ್ಷೆ ಮುಗಿದಿದೆ, ಸಿಇಟಿಗೆ ಓದುತ್ತಿದ್ದಾಳೆ. ಪಾಸ್‌ವರ್ಡ್ ಬದಲಾಯಿಸುವ ದಿನ ದಾಟಿ ಹತ್ತು ದಿನವಾಯಿತು. ನಾನಿನ್ನೂ ಬದಲಾಯಿಸಿಲ್ಲ, ಅಪ್ಪನಿಗೆ ಹೇಳಿಯೂ ಇಲ್ಲ.